ಪೋರ್ಷೆ 718: ಬ್ಯಾಟರಿಯೋ, ಪೆಟ್ರೋಲೋ? ಒಂದು ಅಧ್ಯಯನ ಟಿಪ್ಪಣಿ

ಚಿಕ್ಕಮಗಳೂರಿನ ಮೆಕ್ಯಾನಿಕಲ್ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ್‍ಯಾಲಿ ನೋಡುತ್ತಾ ಬೆಳೆದವರಿಗೆ ತಿರುವಿನಲ್ಲಿ ಗಾಡಿಯ ತೂಕ ಏನು ಮಾಡುತ್ತದೆ ಎಂದು ಹೇಳಿಕೊಡಬೇಕಿಲ್ಲ. ಪೋರ್ಷೆಯ ಪುಟ್ಟ ಸ್ಪೋರ್ಟ್ಸ್ ಕಾರು 718 ಸಿಕ್ಕಿಕೊಂಡಿರುವುದೂ ಅಲ್ಲೇ.

ಮೊದಲು ನಡೆದದ್ದು ಏನು ಎಂದು ನೋಡೋಣ. 2019ರಲ್ಲಿ ಟೈಕಾನ್ ಬಂತು. 800 ವೋಲ್ಟ್ ವ್ಯವಸ್ಥೆಯ, ಪೂರ್ತಿ ಎಲೆಕ್ಟ್ರಿಕ್ ಕಾರು. ಅದು ಚೆನ್ನಾಗಿ ಓಡಿದ ಧೈರ್ಯದಲ್ಲಿ 2022ರಲ್ಲಿ ಕಂಪನಿ ಎರಡು ಮಾತು ಕೊಟ್ಟಿತು: 2030ರಲ್ಲಿ ಮಾರುವ ಕಾರುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಎಲೆಕ್ಟ್ರಿಕ್ ಇರುತ್ತವೆ, ದಶಕದ ನಡುವಿನ ಹೊತ್ತಿಗೆ 718 ಬ್ಯಾಟರಿಯಲ್ಲಿ ಮಾತ್ರ ಸಿಗುತ್ತದೆ. ಆಮೇಲೆ ಗಾಳಿ ತಿರುಗಿತು. 2023ರಲ್ಲಿ 40,629 ಟೈಕಾನ್ ಹೋಗಿದ್ದವು, 2024ರಲ್ಲಿ ಹೋದದ್ದು 20,836. ಚೀನಾದಲ್ಲಿ ಪೋರ್ಷೆಯ ಒಟ್ಟು ಮಾರಾಟವೇ 2021ರಲ್ಲಿ 95,671 ಇದ್ದದ್ದು 2024ಕ್ಕೆ 56,887ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಯೋಜನೆಯನ್ನೇ ತಿದ್ದಿತು: 718ರ ಮೇಲ್ದರ್ಜೆಯ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ ಇರುತ್ತದೆ, ಮುಂದಿನ ದಶಕಕ್ಕೆಂದು ಯೋಚಿಸಿದ್ದ ಹೊಸ ಎಲೆಕ್ಟ್ರಿಕ್ ಪ್ಲಾಟ್‌ಫಾರ್ಮ್ (ಕಾರುಗಳ ಮೂಲ ಚೌಕಟ್ಟು) ತಡವಾಗುತ್ತದೆ. ಇದರಿಂದ ಆ ವರ್ಷದ ಲಾಭಕ್ಕೆ ಬೀಳುವ ಹೊರೆ 180 ಕೋಟಿ ಯೂರೊವರೆಗೆ ಎಂದು ಕಂಪನಿಯೇ ಅಂದಾಜು ಕೊಟ್ಟಿತು.

ಈ ಹಿಂಜರಿಕೆಗೆ ಮಾರುಕಟ್ಟೆ ಒಂದು ಕಾರಣ. ಆದರೆ ಅದಕ್ಕಿಂತ ಆಳದಲ್ಲಿ ಇರುವುದು ಭೌತಶಾಸ್ತ್ರ, ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಲ್ಲಿ.

718ರ ಗಟ್ಟಿ ಛಾವಣಿಯ ಮಾದರಿ ಕೇಮನ್‌ನ ಟ್ಯಾಂಕಿಗೆ 54 ಲೀಟರ್ ಪೆಟ್ರೋಲ್ ಹಿಡಿಯುತ್ತದೆ, ತೂಕ ಸುಮಾರು 40 ಕಿಲೋ. ಕಿಲೋಗೆ 12 ಕಿಲೋವ್ಯಾಟ್ ಗಂಟೆ ಶಕ್ತಿಯಂತೆ ಒಟ್ಟು 480. ಅದರಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲುಭಾಗ ಎಂದಿಟ್ಟುಕೊಂಡರೂ 120 ಉಳಿಯುತ್ತದೆ. ಈಗ ಟೈಕಾನ್ ನೋಡಿ. ಮೊದಲ ಮಾದರಿಯ 93.4 ಕಿಲೋವ್ಯಾಟ್ ಗಂಟೆ ಬ್ಯಾಟರಿ 630 ಕಿಲೋ ತೂಗುತ್ತಿತ್ತು. ಅದೇ ಲೆಕ್ಕದಲ್ಲಿ, ಚಕ್ರದವರೆಗಿನ ನಷ್ಟ ಶೇ 15 ಎಂದು ಹಿಡಿದರೆ, ಚಕ್ರಕ್ಕೆ 120 ಮುಟ್ಟಿಸುವ ಬ್ಯಾಟರಿ ಒಂಬೈನೂರು ಕಿಲೋ ದಾಟುತ್ತದೆ. ಇಡೀ ಕೇಮನ್ ತೂಗುವುದೇ ಸುಮಾರು 1,400 ಕಿಲೋ! ಎಂಜಿನ್, ಗೇರ್‌ಬಾಕ್ಸ್ ತೆಗೆದರೆ ಒಂದಿಷ್ಟು ಹಗುರವಾಗುತ್ತದೆ ನಿಜ, ಆದರೆ ಆ ಅಂತರ ತುಂಬುವಷ್ಟಲ್ಲ. ಹಾಗಾಗಿ ಚಿಕ್ಕ ಬ್ಯಾಟರಿ ಇಟ್ಟು, ಒಂದು ಚಾರ್ಜಿಗೆ ಓಡುವ ದೂರವನ್ನು ಬಿಟ್ಟುಕೊಡಬೇಕಾಗುತ್ತದೆ.

ತೂಕ ಹೆಚ್ಚಾದರೆ ಏನಾಗುತ್ತದೆ? ಮುಳ್ಳಯ್ಯನಗಿರಿ ದಾರಿಯನ್ನೇ ತೆಗೆದುಕೊಳ್ಳೋಣ. 20 ಮೀಟರ್ ತ್ರಿಜ್ಯದ ತಿರುವು, ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 5. 1,400 ಕಿಲೋ ಗಾಡಿಯನ್ನು ತಿರುವಿನಲ್ಲಿ ಹಿಡಿದಿಡಲು ಟೈರು 7,000 ನ್ಯೂಟನ್ ಬಲ ಕೊಡಬೇಕು, 2,200 ಕಿಲೋ ಗಾಡಿಗೆ 11,000. ಇಲ್ಲಿ ಹಲವರು ಕೇಳುವ ಪ್ರಶ್ನೆ: ತೂಕ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದಲ್ಲ? ಹೆಚ್ಚುತ್ತದೆ, ಆದರೆ ಟೈರಿನ ಮೇಲಿನ ಭಾರ ಏರಿದ ಪ್ರಮಾಣದಲ್ಲೇ ಅಲ್ಲ. ಜೊತೆಗೆ ಟೈರು ಅಗಲವಾಗಬೇಕು, ಬ್ರೇಕು ದೊಡ್ಡದಾಗಬೇಕು, ಅವೆಲ್ಲ ಮತ್ತೆ ತೂಕವನ್ನೇ ಸೇರಿಸುತ್ತವೆ.

ಏರಿನ ಲೆಕ್ಕವನ್ನೂ ಮಾಡಿಬಿಡಿ. 700 ಮೀಟರ್ ಎತ್ತರ ಹತ್ತಲು ಹಗುರ ಗಾಡಿಗೆ 2.7 ಕಿಲೋವ್ಯಾಟ್ ಗಂಟೆ, ಭಾರದ್ದಕ್ಕೆ 4.2. ಆದರೆ ಎಲೆಕ್ಟ್ರಿಕ್ ಕಾರು ಇಳಿಯುವಾಗ ಮೋಟರನ್ನೇ ಜನರೇಟರ್ ಮಾಡಿಕೊಂಡು ಇದರಲ್ಲಿ ದೊಡ್ಡ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಅದೆಲ್ಲ ಬ್ರೇಕಿನ, ಎಂಜಿನ್ನಿನ ಬಿಸಿಯಾಗಿ ಹೋಗುತ್ತದೆ. ಘಾಟಿಯವರು ಈ ಗುಣವನ್ನು ಕಡೆಗಣಿಸಬಾರದು.

ಪೋರ್ಷೆ ಎಂಜಿನಿಯರುಗಳು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಮಾಮೂಲಿ ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ನೆಲದಡಿ ಹಾಸಿರುತ್ತದೆ, ಸೀಟು ಮೇಲೇಳುತ್ತದೆ. ಎರಡು ಸೀಟಿನ ತಗ್ಗು ಕಾರಿಗೆ ಅದು ಆಗಿಬರುವುದಿಲ್ಲ. 2021ರಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಮಿಷನ್ ಆರ್ ರೇಸ್ ಮಾದರಿಯಲ್ಲಿ ಸುಮಾರು 80 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯನ್ನು ಚಾಲಕನ ಬೆನ್ನ ಹಿಂದೆ, 718ರಲ್ಲಿ ಎಂಜಿನ್ ಕೂರುವ ಜಾಗದಲ್ಲೇ ಇಟ್ಟರು. ತೂಕ ಸುಮಾರು 1,500 ಕಿಲೋ. ಅದು ರೇಸ್ ಕಾರು. ರಸ್ತೆ ಕಾರಿಗೆ ಬೇಕಾದ ಸೌಕರ್ಯ ಅದರಲ್ಲಿಲ್ಲ ಎಂಬುದು ನೆನಪಿರಲಿ. ಆದರೂ ತೂಕ ಎಲ್ಲಿರಬೇಕು ಎಂಬುದಕ್ಕೆ ಅದೊಂದು ಒಳ್ಳೆಯ ಉತ್ತರ. ಈ ಕೆಲಸ ಅರ್ಧಕ್ಕೆ ನಿಲ್ಲಬಾರದು ಎಂದು ನಾನು ಮನಸಾರೆ ಬಯಸುತ್ತೇನೆ.

ಇಕ್ಕಟ್ಟು ಬಿಗಿಯಾದದ್ದು ನಿಯಮಗಳಿಂದ. ವಾಹನಗಳ ಸೈಬರ್ ಸುರಕ್ಷತೆಯ ನಿಯಮ 2024ರ ಜುಲೈನಿಂದ ಯುರೋಪಿನಲ್ಲಿ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಯಿತು. ಹಳೆಯ 718ರ ವಿದ್ಯುತ್ ಜಾಲವನ್ನು ಅದಕ್ಕೆ ತಕ್ಕಂತೆ ಬದಲಿಸುವುದು ಲಾಭದ ಮಾತಲ್ಲವೆಂದು ಅಲ್ಲಿ ಹೆಚ್ಚಿನ ಮಾದರಿಗಳ ಮಾರಾಟ ನಿಂತಿತು. 2025ರ ಅಕ್ಟೋಬರ್‌ನಲ್ಲಿ ತಯಾರಿಕೆಯೂ ನಿಂತಿತು. ಹಳೆಯದು ಹೋಯಿತು, ಹೊಸದು ಬರಲಿಲ್ಲ. ಬ್ಯಾಟರಿ ಸೆಲ್ಲುಗಳನ್ನು ತಾನೇ ತಯಾರಿಸಲು 2021ರಲ್ಲಿ ಹುಟ್ಟುಹಾಕಿದ ಸೆಲ್‌ಫೋರ್ಸ್‌ನ ಉತ್ಪಾದನೆಯ ಯೋಜನೆಯನ್ನೂ 2025ರಲ್ಲಿ ಕೈಬಿಟ್ಟರು.

ಪೋರ್ಷೆ ಒಂದೇ ಹೀಗಲ್ಲ. ಮಸೆರಾಟಿ 2025ರಲ್ಲಿ ತನ್ನ ಸ್ಪೋರ್ಟ್ಸ್ ಕಾರು ಎಂಸಿ20ಯ ಎಲೆಕ್ಟ್ರಿಕ್ ಮಾದರಿಯನ್ನು ರದ್ದು ಮಾಡಿತು. ಫೆರಾರಿ 2030ಕ್ಕೆ ಶೇ 40 ಎಲೆಕ್ಟ್ರಿಕ್ ಎಂದಿದ್ದ ಗುರಿಯನ್ನು ಶೇ 20ಕ್ಕೆ ಇಳಿಸಿತು. ತನ್ನ ಇನ್ನೊಂದು ಸ್ಪೋರ್ಟ್ಸ್ ಕಾರು 911ರಲ್ಲಿ ಪೋರ್ಷೆಯೇ ನಡುದಾರಿ ಹಿಡಿದಿದೆ, ಪೆಟ್ರೋಲ್ ಎಂಜಿನ್ ಜೊತೆಗೆ ಮೋಟರೂ ಇರುವ ಹೈಬ್ರಿಡ್: 2024ರ ಕರೆರಾ ಜಿಟಿಎಸ್ ಹೈಬ್ರಿಡ್‌ನ ಬ್ಯಾಟರಿ 1.9 ಕಿಲೋವ್ಯಾಟ್ ಗಂಟೆಯದು ಮಾತ್ರ, ಹಿಂದಿನ ಮಾದರಿಗಿಂತ ಏರಿದ ತೂಕ ಸುಮಾರು 50 ಕಿಲೋ.

718ಕ್ಕೆ ಮತ್ತೆ ಪೆಟ್ರೋಲ್ ಎಂಜಿನ್ ಬರುವ ಸುದ್ದಿ ಓದುವಾಗ ಗಮನಿಸಬೇಕಾದದ್ದು ಇದು. ಬ್ಯಾಟರಿಗೆಂದೇ ರೂಪಿಸಿದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ತುರುಕುವುದು ಸುಲಭವಲ್ಲ. ಬೆನ್ನ ಹಿಂದೆ ಬ್ಯಾಟರಿ ಇದ್ದ ಜಾಗಕ್ಕೆ ಎಂಜಿನ್ ಬಂದೀತು, ಆದರೆ ಪೆಟ್ರೋಲ್ ಟ್ಯಾಂಕ್ ಎಲ್ಲಿ, ಸೈಲೆನ್ಸರ್ ಪೈಪ್ ಎಲ್ಲಿ, ರೇಡಿಯೇಟರಿಗೆ ಗಾಳಿ ಎಲ್ಲಿಂದ? ಬ್ಯಾಟರಿ ಪೆಟ್ಟಿಗೆ ಚೌಕಟ್ಟಿಗೆ ಬಿಗಿತ ಕೊಡುತ್ತಿದ್ದರೆ, ಅದನ್ನು ತೆಗೆದ ಮೇಲೆ ಆ ಬಿಗಿತಕ್ಕೆ ಏನು ಮಾಡಬೇಕು? ಒಂದು ಹಾಳೆಯಲ್ಲಿ ಕಾರಿನ ಅಡ್ಡನೋಟ ಬರೆದು ಈ ನಾಲ್ಕನ್ನೂ ಗುರುತಿಸಿ ನೋಡಿ. ಟ್ಯಾಂಕಿನಿಂದ ಶುರುಮಾಡಿ, ಉಳಿದ ಮೂರಕ್ಕೆ ಎಷ್ಟು ಜಾಗ ಸಿಗುತ್ತದೆ ಎಂಬುದು ಅದರ ಮೇಲೇ ನಿಂತಿದೆ.