ಮಗನಿಗೆ ಬೇಟೆ, ಮೀನು ಹಿಡಿಯೋದು ಕಲೀಬೇಕಂತೆ. ಬೆಂಗಳೂರಲ್ಲಿ ಆಗುತ್ತಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಅವನ ತಾತ ಕನಕಪುರದ ಕಡೆ ಮೊಲದ ಬೇಟೆಗೆ ಹೋಗುತ್ತಿದ್ದ ಕಥೆ ಕೇಳಿ ಬೆಳೆದವನು. ಈಗ ಬೇಟೆ, ಗಾಳ ಎರಡೂ ಕಲೀಬೇಕು ಅಂತ ಹಟ ಹಿಡಿದಿದ್ದಾನೆ. ಬೆಂಗಳೂರಿನಲ್ಲಿ ಅವಕಾಶ ಇದೆಯಾ?

ಉತ್ತರ: ಗಾಳಕ್ಕೆ ಇದೆ, ಬೇಟೆಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವತ್ತು ಕಾಡುಪ್ರಾಣಿ, ಹಕ್ಕಿಗಳನ್ನು ಬೇಟೆಯಾಡುವುದು ಅಪರಾಧ. ಮೊಲ, ಕೌಜುಗವೂ ಅದರೊಳಗೇ ಬರುತ್ತವೆ. ತೋಟ ನಮ್ಮದೇ ಅಂದರೂ ಕಾನೂನು ಬಿಡಲ್ಲ.

ಅವನಿಗೆ ಗುರಿ ಇಡುವ ಆಸೆ ಇದ್ದರೆ ಏರ್ ರೈಫಲ್ ಕಲಿಸಿ. ತರಬೇತಿ ಕೊಡುವ ಶೂಟಿಂಗ್ ರೇಂಜ್‌ಗಳು ಊರಲ್ಲೇ ಇವೆ. 10 ಮೀಟರ್ ದೂರದ ಹಾಳೆಯಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್ ಅಗಲ. ಅಷ್ಟು ಸಣ್ಣದಕ್ಕೆ ಗುರಿ ಇಡೋದು ಮೊಲದ ಬೇಟೆಗಿಂತ ಕಷ್ಟ ಅಂತ ಹೇಳಿ ನೋಡಿ.

ಈಗ ಗಾಳದ ವಿಷಯಕ್ಕೆ ಬರೋಣ. ಕೆರೆ ಕಂಡಲ್ಲೆಲ್ಲ ಗಾಳ ಹಾಕುವ ಹಾಗಿಲ್ಲ. ಎಷ್ಟೋ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರ ದುಡ್ಡು ಹಾಕಿ ಕಟ್ಲಾ, ರೋಹು ಮರಿ ಬಿಟ್ಟಿರುತ್ತಾನೆ. ಅದು ಅವನ ಹೊಟ್ಟೆಪಾಡು. ಕೇಳದೆ ಹಿಡಿದರೆ ಕಳ್ಳತನವೇ ಅಲ್ವಾ? ಇನ್ನು ಕೊಳಚೆ ನೀರು ಸೇರುವ ಕೆರೆಯ ಮೀನನ್ನು ಮನೆಗೆ ತರಲೇಬೇಡಿ. 2016ರಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನುಗಳ ರಾಶಿ ಇನ್ನೂ ನನ್ನ ಕಣ್ಣ ಮುಂದಿದೆ.

ಮೊದಲ ಸಲಕ್ಕೆ ಊರ ಹೊರಗಿನ ಮೀನು ಸಾಕಣೆ ಹೊಂಡವೇ ವಾಸಿ. ದುಡ್ಡು ತಗೊಂಡು ಗಾಳ ಹಾಕಲು ಬಿಡುವ ಜಾಗಗಳಿವೆ. ಹೋದ ವರ್ಷ ಅಕ್ಕನ ಮಗನನ್ನು ಅಂಥ ಒಂದು ಹೊಂಡಕ್ಕೆ ಕರೆದುಕೊಂಡು ಹೋಗಿದ್ದೆ. ಬಿದಿರು ಕೋಲು, ನೈಲಾನ್ ದಾರ, ಸಣ್ಣ ಬೆಂಡು, ಡಬ್ಬಿಯಲ್ಲಿ ಒದ್ದೆ ಮಣ್ಣಿನ ಜೊತೆ ಎರೆಹುಳು, ಇಷ್ಟೇ ಸಾಮಾನು. ಎರಡು ಗಂಟೆ ಏನೂ ಸಿಗಲಿಲ್ಲ. ಮೊಬೈಲ್ ಕೊಡು ಮಾಮ ಅಂತ ಶುರು ಮಾಡಿದ. ಅಷ್ಟರಲ್ಲಿ ಬೆಂಡು ಎರಡು ಸಲ ನಡುಗಿ, ಪಕ್ಕಕ್ಕೆ ಜಾರಿ ಮುಳುಗಿತು. ಅಂಗೈ ಅಗಲದ ಜಿಲೇಬಿ ಮೀನು! ಅವನ ಕೈ ಮೀನಿಗಿಂತ ಜಾಸ್ತಿ ನಡುಗುತ್ತಿತ್ತು.

ಒಂದು ವಿಷಯ ಮೊದಲೇ ಕಲಿಸಿ. ಒಣಗಿದ ಕೈಯಲ್ಲಿ ಮೀನು ಮುಟ್ಟಬಾರದು. ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಅದು ಕಿತ್ತುಹೋದರೆ ವಾಪಸ್ ಬಿಟ್ಟ ಮೀನಿಗೂ ರೋಗ ತಗಲುತ್ತೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಾಯಿ ಹರಿಯದೆ ಸಲೀಸಾಗಿ ಬಿಡಿಸಬಹುದು. ಮಗುವಿನ ಬೆರಳಿಗೆ ಚುಚ್ಚಿಕೊಂಡರೂ ಅಷ್ಟೇ ಸುಲಭ.

ಹುಚ್ಚು ಹಿಡಿದ ಮೇಲೆ ಕಾವೇರಿಯ ಬಿಳಿ ಮೀನು, ಅಂದರೆ ಮಹಶೀರ್, ಬೇಕು ಅಂತಾನೆ. ಕಾವೇರಿ ದಡದ ಭೀಮೇಶ್ವರಿಯ ಗಾಳದ ಕ್ಯಾಂಪ್ ಒಂದು ಕಾಲಕ್ಕೆ ಲೋಕಪ್ರಸಿದ್ಧ. ಹಿಡಿದು, ತೂಕ ನೋಡಿ, ವಾಪಸ್ ನೀರಿಗೆ ಬಿಡುವುದು ಅಲ್ಲಿನ ಪದ್ಧತಿಯಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಅಲ್ಲಿ ಗೈಡ್‌ಗಳಾದರು. ಆದರೆ ಆ ಜಾಗ ಕಾವೇರಿ ಅಭಯಾರಣ್ಯಕ್ಕೆ ಸೇರಿದ್ದು, ಅದರ ಒಳಗೆ ಗಾಳ ನಿಂತುಹೋಗಿ ಹತ್ತು ವರ್ಷದ ಮೇಲಾಯಿತು. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಈ ಕಥೆಯನ್ನೂ ಅವನಿಗೆ ಹೇಳಿ. ತಾತನ ಕಥೆ ಕೇಳಿದವನು ಇದನ್ನೂ ಕೇಳ್ತಾನೆ.

ಹೊರಡುವಾಗ ಲೈಫ್ ಜಾಕೆಟ್ ಮರೀಬೇಡಿ, ಈಜು ಬಂದರೂ ಸರಿ. ನಮ್ಮ ಕೆರೆ, ಹೊಂಡಗಳ ತಳದಲ್ಲಿ ಹೂಳು. ದಡದಿಂದ ಎರಡೇ ಹೆಜ್ಜೆ ಇಟ್ಟರೂ ಕಾಲು ಹೂತುಕೊಳ್ಳುತ್ತೆ. ನೀವು ಅವನ ಪಕ್ಕದಲ್ಲೇ ಕೂತಿರಿ, ನಿಮಗೂ ಒಂದು ಕೋಲು ತಗೊಳ್ಳಿ.