ಮಿಸ್ ಕಾಲಿಂದ 28 ದಿನದವರೆಗೆ: ಕರೆನ್ಸಿ ಹಾಕ್ಸೋದು ಯಾಕಿಷ್ಟು ಗೋಜಲಾಯ್ತು

ಅಮ್ಮ ಫೋನ್ ಕೈಗೆ ಕೊಟ್ಟು "ಕರೆನ್ಸಿ ಹಾಕೋ, ನಂಗೆ ಬರೀ ಮಾತಾಡಕ್ಕೆ ಆದ್ರೆ ಸಾಕು" ಅಂದ್ರು. ಎರಡು ನಿಮಿಷದ ಕೆಲ್ಸ ಅನ್ಕೊಂಡು ಆ್ಯಪ್ ತೆಗೆದೆ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ, ಎರಡೂವರೆ ಜಿಬಿ, ಜೊತೆಗೆ ಸಿನಿಮಾ ಆ್ಯಪು, ಕ್ರಿಕೆಟ್ ಆ್ಯಪು, ಯಾವ್ದೋ ಕ್ಲೌಡು. ಬೆರಳು ನೋಯೋವರೆಗೂ ಕೆಳಗೆ ಎಳೆದೆ, ಬರೀ ಮಾತಾಡೋ ಪ್ಯಾಕ್ ಮಾತ್ರ ಕಾಣ್ಸ್ಲಿಲ್ಲ. ಅದು ಇದೆ, ಆದ್ರೆ ಹುಡುಕಬೇಕು. ಯಾಕೆ ಹುಡುಕಬೇಕಾಯ್ತು ಅಂತ ಹೇಳಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1995ರ ಜುಲೈ 31ಕ್ಕೆ ಕೋಲ್ಕತಾದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಟೆಲಿಕಾಂ ಮಂತ್ರಿ ಸುಖ್ ರಾಮ್‌ಗೆ ದೇಶದ ಮೊದಲ ಮೊಬೈಲ್ ಕಾಲ್ ಮಾಡಿದ್ರು, ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು, ಬಂದ ಕಾಲಿಗೂ ದುಡ್ಡು. ನಮ್ಮೂರು ಆ ಲೆಕ್ಕದಲ್ಲಿ ಮೆಟ್ರೋ ನಗರಾನೂ ಅಲ್ಲ, ದೆಹಲಿ ಮುಂಬೈ ಕೋಲ್ಕತಾ ಚೆನ್ನೈಗೆ ಮಾತ್ರ ಬೇರೆ ಬೇರೆ ಲೈಸೆನ್ಸು, ಬೆಂಗಳೂರು ಕರ್ನಾಟಕ ಸರ್ಕಲ್ಲು, ಅಂದ್ರೆ ಒಂದು ಲೈಸೆನ್ಸ್ ನಡಿಯೋ ಪ್ರದೇಶ, ಅದ್ರೊಳಗೆ ಒಂದು ಊರು ಅಷ್ಟೇ. ಆಗ ಇಲ್ಲಿದ್ದ ಸ್ಪೈಸ್, ಜೆಟಿ ಮೊಬೈಲ್ಸ್ ಅನ್ನೋ ಕಂಪನಿಗಳ ಹೆಸರು ಈಗ ಐವತ್ತು ದಾಟಿದೋರಿಗೆ ಬಿಟ್ರೆ ಯಾರಿಗೂ ನೆನಪಿರಲ್ಲ. ಆಮೇಲೆ ಬಿಎಸ್‌ಎನ್‌ಎಲ್ ಬಂತು, 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಹ್ಯಾಂಡ್‌ಸೆಟ್ ಕೈಗಿಡ್ತು, ಅದೇ ವರ್ಷ ಮೇ 1ರಿಂದ ಇನ್‌ಕಮಿಂಗ್ ಫ್ರೀ ಆಯ್ತು.

ಈ ಇನ್‌ಕಮಿಂಗ್ ಫ್ರೀ ಆಗಿದ್ದೇ ದೊಡ್ಡ ತಿರುವು ಅಂತ ನಂಗನ್ಸತ್ತೆ. ಬಂದ ಕಾಲಿಗೂ ದುಡ್ಡಿದ್ದಾಗ ನಂಬರ್ ಕೊಡಕ್ಕೇ ಜನ ಹಿಂದೆಮುಂದೆ ನೋಡ್ತಿದ್ರು. ಫ್ರೀ ಆದ್ಮೇಲೆ ಖರ್ಚೆಲ್ಲ ಕಾಲ್ ಮಾಡೋನ ತಲೆ ಮೇಲೆ, ಸೋ ಯಾರು ಮಾಡಬೇಕು ಅನ್ನೋದೇ ಪ್ರಶ್ನೆ, ಅಲ್ಲಿಂದ ಹುಟ್ಟಿದ್ದು ಮಿಸ್ ಕಾಲು. ನಮ್ಮನೇಲಿ ಇದಕ್ಕೊಂದು ಭಾಷೆನೇ ಇತ್ತು. ಮೆಜೆಸ್ಟಿಕ್ಕಲ್ಲಿ ಬಸ್ ಹತ್ತಿದ್ರೆ ಒಂದು ರಿಂಗು, ಶ್ರೀನಗರ ಸ್ಟಾಪಲ್ಲಿ ಇಳಿದ್ರೆ ಎರಡು, ಮೂರು ರಿಂಗಾದ್ರೆ ಏನೋ ತೊಂದ್ರೆ, ತಕ್ಷಣ ವಾಪಸ್ ಮಾಡಬೇಕು. ಅಪ್ಪ ಒಂದ್ಸಲ ಮರೆತು ಎರಡನೇ ರಿಂಗಿಗೇ ಎತ್ತಿಬಿಟ್ಟು "ಹಲೋ" ಅಂದಿದ್ದಕ್ಕೆ ಒಂದು ರೂಪಾಯಿ ಹೋಯ್ತು ಅಂತ ಅಕ್ಕ ರಾತ್ರಿ ಊಟದವರೆಗೂ ಗೊಣಗಿದ್ಳು.

ಇದರ ಜೊತೆಗೇ ಬೆಳೆದಿದ್ದು ಎಸ್ಸೆಮ್ಮೆಸ್ಸು, ನಂಗೆ ಚೆನ್ನಾಗಿ ಗೊತ್ತಿರೋ ಕಾಲ ಇದೇ. ಕಾಲೇಜ್ ಹುಡುಗರಿಗೆ ಗೊತ್ತಿದ್ದ ಲೆಕ್ಕ ಒಂದೇ: ಎಸ್ಸೆಮ್ಮೆಸ್ ಪ್ಯಾಕ್ ಹಾಕ್ಸಿದ್ರೆ ತಿಂಗಳು ಪೂರ್ತಿ ಮಾತು, ಹಾಕ್ಸದೆ ಕಾಲ್ ಮಾಡಿದ್ರೆ ನಾಲ್ಕು ದಿನಕ್ಕೆ ಬ್ಯಾಲೆನ್ಸ್ ಖಾಲಿ. ಬೀದಿ ಮೂಲೆ ಅಂಗಡಿಯವ್ರು ಒಂದು ಉದ್ದ ನೋಟ್‌ಬುಕ್ ಇಟ್ಟಿರ್ತಿದ್ರು, ಅದ್ರಲ್ಲಿ ನಾವೇ ನಂಬರ್ ಬರೆದು ಪಕ್ಕದಲ್ಲಿ "ರೇಟ್ ಕಟರ್" (ಕಾಲ್ ರೇಟ್ ಇಳಿಸೋ ಪ್ಯಾಕು) ಅಥ್ವಾ "ಎಸ್ಸೆಮ್ಮೆಸ್" ಅಂತ ಹಾಕಬೇಕು, ತಪ್ಪಾಗಿ ಬರೀ ಬ್ಯಾಲೆನ್ಸಿನ ಟಾಪ್ ಅಪ್ ಆಗೋದ್ರೆ ವಾಪಸ್ ಇಲ್ಲ. ಅಂಗಡಿಯವ್ರಿಗೆ ಎಲ್ಲ ಕಂಪನಿ ಪ್ಯಾಕೂ ಬಾಯಿಪಾಠ. ನೀವು ಯಾರಿಗೆ ಜಾಸ್ತಿ ಮಾತಾಡ್ತೀರಾ, ಲೋಕಲ್ಲಾ ಎಸ್‌ಟಿಡಿನಾ, ರಾತ್ರಿನಾ ಹಗಲಾ ಅಂತ ಕೇಳಿ ಪ್ಯಾಕ್ ಹೇಳ್ತಿದ್ರು. ಈಗಿನ ಆ್ಯಪಿಗೆ ಇವೆಲ್ಲ ನಮಗಿಂತ ಚೆನ್ನಾಗಿ ಗೊತ್ತು, ಆದ್ರೆ ಕೇಳಲ್ಲ.

ಕನ್ನಡದಲ್ಲಿ ಮೆಸೇಜ್ ಮಾಡೋ ಕಥೆ ಬೇರೆ. ಒಂದು ಎಸ್ಸೆಮ್ಮೆಸ್ಸಲ್ಲಿ ಇಂಗ್ಲಿಷ್ ಅಕ್ಷರ ಆದ್ರೆ 160 ಹಿಡಿಯತ್ತೆ, ಕನ್ನಡ ಲಿಪಿ ಆದ್ರೆ ಯೂನಿಕೋಡ್ ಲೆಕ್ಕದಲ್ಲಿ ಬರೀ 70. ಅದೂ ಕಣ್ಣಿಗೆ ಕಾಣೋ ಅಕ್ಷರ ಅಲ್ಲ, ಒತ್ತು ಗುಣಿತ ಎಲ್ಲ ಬೇರೆಬೇರೆ ಲೆಕ್ಕ. "ಸ್ವಾತಂತ್ರ್ಯ" ನೋಡಕ್ಕೆ ಮೂರಕ್ಷರ, ಎಸ್ಸೆಮ್ಮೆಸ್ಸಿಗೆ 11. ಅರ್ಧಕ್ಕರ್ಧ ಫೋನಲ್ಲಿ ಕನ್ನಡ ಬಂದ್ರೂ ಡಬ್ಬಿ ಡಬ್ಬಿ ಕಾಣ್ಸ್ತಿತ್ತು ಬೇರೆ. ಹಂಗಾಗಿ ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಕ್ಕೆ ಶುರು ಮಾಡಿದ್ವಿ. ಬಟನ್ ಫೋನಲ್ಲಿ "ಊಟ"ನ oota ಅಂತ ಬರಿಯಕ್ಕೆ 6ನ್ನ ಮೂರು ಸಲ ಒತ್ತಬೇಕು, ಒಂದು ಕ್ಷಣ ತಡೀಬೇಕು, ಮತ್ತೆ ಮೂರು ಸಲ, ಆಮೇಲೆ 8, ಆಮೇಲೆ 2. ಬೆಂಚ್ ಕೆಳಗೆ ಫೋನ್ ಇಟ್ಕೊಂಡು ಮೇಷ್ಟ್ರ ಮುಖ ನೋಡ್ತಾನೇ "ಊಟ ಆಯ್ತಾ" ಕಳ್ಸೋರು ನಮ್ಮ ಕ್ಲಾಸಲ್ಲಿ ಕಮ್ಮಿ ಅಂದ್ರೂ ಹತ್ತು ಜನ ಇದ್ರು. ಇವತ್ತಿಗೂ ಕನ್ನಡ ಕೀಬೋರ್ಡ್ ಫೋನಲ್ಲೇ ಇದ್ರೂ ನಮ್ಮ ವಯಸ್ಸಿನೋರು ಇಂಗ್ಲಿಷಲ್ಲೇ ಕನ್ನಡ ಹೊಡಿಯೋದು ಆ ಕೈಚಳಕ ಹೋಗದೆ ಇರೋದಕ್ಕೇ.

ಪ್ಯಾಕಿಗೊಂದು ಕುತ್ತೂ ಇತ್ತು. ಯುಗಾದಿ, ದೀಪಾವಳಿ, ಹೊಸ ವರ್ಷ ಬಂದ್ರೆ ಬ್ಲಾಕ್‌ಔಟ್ ಡೇ, ಅವತ್ತು ಪ್ಯಾಕ್ ನಡಿಯಲ್ಲ, ಒಂದೊಂದು ಮೆಸೇಜಿಗೂ ಪೂರ್ತಿ ದುಡ್ಡು. ಹಂಗಾಗಿ ಯುಗಾದಿ ಶುಭಾಶಯ ಹಿಂದಿನ ದಿನ ರಾತ್ರಿನೇ ಹೋಗಿರ್ತಿತ್ತು, ಬೇವುಬೆಲ್ಲ ತಿನ್ನೋ ಮುಂಚೆನೇ. ಮತ್ತೆ ಅತ್ತಿಬೆಲೆ ದಾಟಿದ್ರೆ ತಮಿಳುನಾಡು ಸರ್ಕಲ್ಲು, ಹೊಸೂರಲ್ಲಿ ಕೆಲ್ಸ ಮಾಡ್ತಿದ್ದ ನಮ್ಮ ಮಾವ ಗಡಿ ಬಂತಂದ್ರೆ ಫೋನ್ ಆಫ್ ಮಾಡಿ ಜೇಬಿಗೆ ಹಾಕ್ಕೊಳೋರು, ರೋಮಿಂಗ್ ಅಂದ್ರೆ ಅಷ್ಟು ಭಯ.

ಕಾಲ್ ಕಡೆ ಬದಲಾವಣೆ ತಂದಿದ್ದು 2009, ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂದಾಗ. ಅಲ್ಲಿವರೆಗೂ ನಿಮಿಷದ ಪಲ್ಸು, 61 ಸೆಕೆಂಡ್ ಮಾತಾಡಿದ್ರೆ ಎರಡು ನಿಮಿಷದ ದುಡ್ಡು. ಎಲ್ರೂ ಕಿವಿಯಿಂದ ಫೋನ್ ತೆಗೆದು ತೆಗೆದು ಟೈಮ್ ನೋಡ್ತಾ 58ಕ್ಕೆ ಕಟ್ ಮಾಡೋರು, ಅರ್ಧ ಮಾತು ಬಾಯಲ್ಲೇ ಇರ್ತಿತ್ತು. ಡೊಕೊಮೊ ಲೆಕ್ಕದಲ್ಲಿ ಅದೇ ಕಾಲಿಗೆ 61 ಪೈಸೆ. ಮಿಕ್ಕ ಕಂಪನಿಗಳೂ ಅದೇ ವರ್ಷ ಹಿಂದೆಬಿದ್ವು. 2011ರ ಜನವರಿ 20ಕ್ಕೆ ನಂಬರ್ ಬದಲಾಯಿಸದೇ ಕಂಪನಿ ಬದಲಾಯಿಸ್ಬಹುದು ಅಂತಾಯ್ತು. ಗ್ರಾಹಕ ರಾಜ ಅಂತ ಯಾರಾದ್ರೂ ಹೇಳೋದಿದ್ರೆ ಆ ಎರಡು ಮೂರು ವರ್ಷಕ್ಕೆ ಮಾತ್ರ ಹೇಳಬಹುದು.

ಎಸ್ಸೆಮ್ಮೆಸ್ಸಿಗೆ ಮಾತ್ರ ಅಲ್ಲಿಂದ ಇಳಿಜಾರು. ಜಾಹೀರಾತಿನ ಕಾಟ ತಡಿಯಕ್ಕೆ ಅಂತ 2011ರ ಸೆಪ್ಟೆಂಬರಲ್ಲಿ ಟ್ರಾಯ್, ಅಂದ್ರೆ ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ, ದಿನಕ್ಕೆ 100 ಮಿತಿ ಹಾಕ್ತು, ಆಮೇಲೆ 200 ಮಾಡ್ತು, ಜನ ಜನ ಕಳ್ಸ್ಕೊಳೋ ಮೆಸೇಜಿಗೆ ಮಿತಿ ಸಲ್ಲದು ಅಂತ 2012ರಲ್ಲಿ ದೆಹಲಿ ಹೈಕೋರ್ಟ್ ಅಂತು, ಆಗ 100 ದಾಟಿದ್ಮೇಲೆ ಒಂದೊಂದಕ್ಕೂ ಕನಿಷ್ಠ 50 ಪೈಸೆ ಅನ್ನೋ ನಿಯಮ ಬಂತು. 2020ರಲ್ಲಿ ಅದೂ ಹೋಯ್ತು. ಆದ್ರೂ ಇವತ್ತಿನ ಬಹುತೇಕ ಡೇಟಾ ಪ್ಯಾಕಲ್ಲಿ "ದಿನಕ್ಕೆ 100 ಎಸ್ಸೆಮ್ಮೆಸ್" ಅಂತ ಬರ್ದಿರತ್ತಲ್ಲ, ಅದು ಈ ಜಗಳದ ಬಾಲ ಅಂತ ನನ್ನ ಗುಮಾನಿ. 28 ದಿನದ ಪ್ಯಾಕಿಗೆ 2,800 ಮೆಸೇಜ್ ನಮ್ಮ ಹೆಸರಲ್ಲಿ ಬರತ್ತೆ, ನಾನು ಕಳೆದ ಸಲ ಯಾರಿಗೆ ಎಸ್ಸೆಮ್ಮೆಸ್ ಮಾಡಿದೆ ಅಂತ ಕೇಳಿದ್ರೆ ನಂಗೇ ಗೊತ್ತಿಲ್ಲ.

ಈ ಮಧ್ಯೆ 2012ರ ಆಗಸ್ಟು. ಬೆಂಗಳೂರಲ್ಲಿ ಈಶಾನ್ಯದೋರ ಮೇಲೆ ಹಲ್ಲೆ ಆಗತ್ತೆ ಅಂತ ಮೊಬೈಲಲ್ಲಿ ಸುಳ್ಳು ಸುದ್ದಿ ಹರಿದಾಡಿ ಸಾವಿರಾರು ಜನ ಗುವಾಹಟಿ ರೈಲಿಗೆ ಸಿಟಿ ಸ್ಟೇಷನ್ನಲ್ಲಿ ಮುಗಿಬಿದ್ದಿದ್ದು ನೆನಪಿರಬಹುದು. ಸರ್ಕಾರ ದೇಶಕ್ಕೆಲ್ಲ 15 ದಿನ ಬಲ್ಕ್ ಮೆಸೇಜ್ ನಿಲ್ಲಿಸ್ತು, ದಿನಕ್ಕೆ ಐದು ಮೆಸೇಜಿಗಿಂತ ಜಾಸ್ತಿ ಹೋಗಲ್ಲ, ಆಮೇಲೆ ಅದನ್ನ 20 ಮಾಡಿದ್ರು. ನಮ್ಮ ಪಕ್ಕದ ಪಿಜಿಲಿದ್ದ ಹುಡುಗರು ರೂಮ್ ಬಾಗಿಲಿಗೆ ಬೀಗ ಹಾಕ್ಕೊಂಡು ಹೊರಟಿದ್ದನ್ನ ನಾನೇ ನೋಡ್ದೆ, ಒಬ್ಬ ಕುಕ್ಕರ್ ಸಮೇತ ಹೊತ್ಕೊಂಡ್ ಹೋದ. ಎಸ್ಸೆಮ್ಮೆಸ್ ಮೇಲೆ ಜನಕ್ಕಿದ್ದ ಸಲಿಗೆ ಆ ಹದಿನೈದು ದಿನದಲ್ಲೇ ಕಮ್ಮಿಯಾಯ್ತು, ಅಷ್ಟ್ರಲ್ಲಿ ವಾಟ್ಸಾಪ್ ಕೈಗೆ ಬಂದಾಗಿತ್ತು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದಿದ್ದು, ಕಾಲ್ ಫ್ರೀ ಅಂದಿದ್ದು, ಸಿಮ್ಮಿಗೆ ಕ್ಯೂ ನಿಂತಿದ್ದು ಎಲ್ರಿಗೂ ಗೊತ್ತು. ಡಜನ್ ಹತ್ರ ಇದ್ದ ಕಂಪನಿಗಳು ಎರಡು ಮೂರು ವರ್ಷದಲ್ಲಿ ಮೂರು ಖಾಸಗಿ, ಮಿಕ್ಕಿದ್ದು ಸರ್ಕಾರಿ ಅನ್ನೋ ಲೆಕ್ಕಕ್ಕೆ ಬಂದ್ವು. ಮಾತು ಫ್ರೀ ಆದ್ಮೇಲೆ ಜನ ಇನ್ನೂ ಜಾಸ್ತಿ ಮಾತಾಡ್ತಾರೆ ಅನ್ಕೊಂಡಿದ್ದೆ, ನನ್ನ ಸುತ್ತಮುತ್ತ ಆಗಿದ್ದು ಉಲ್ಟಾ. ಫ್ರೆಂಡ್ ಕಾಲ್ ಮಾಡೋ ಮುಂಚೆ "ಫ್ರೀ ಇದ್ಯಾ, ಮಾಡ್ಲಾ?" ಅಂತ ಮೆಸೇಜ್ ಹಾಕ್ತಾನೆ. ಹೇಳದೆ ಕಾಲ್ ಮಾಡೋರು ಯಾರಂದ್ರೆ ಡೆಲಿವರಿ ಹುಡುಗ, ಆ್ಯಪಲ್ಲಿ ಬುಕ್ ಮಾಡಿದ ಆಟೋದೋರು, ಪರ್ಸನಲ್ ಲೋನ್ ಬೇಕಾ ಅನ್ನೋ ಮೇಡಮ್ಮು. ಗೊತ್ತಿರೋರೆಲ್ಲ ಮೆಸೇಜು, ಗೊತ್ತಿಲ್ದೇ ಇರೋರೆಲ್ಲ ಕಾಲು. ಎಸ್ಸೆಮ್ಮೆಸ್ ಡಬ್ಬಿ ಒಟಿಪಿಗೆ ಮೀಸಲು.

ಅಮ್ಮನ ವಯಸ್ಸಿನೋರು ಮಾತ್ರ ಇನ್ನೂ ಕಾಲೇ. ದಿನಕ್ಕೆ ಮೂರು ಜನ ಅಕ್ಕತಂಗೀರು, ಒಬ್ಬೊಬ್ಬರ ಜೊತೆ ಅರ್ಧ ಗಂಟೆ, ಸಾರಿಗೆ ಏನು ಹಾಕ್ದೆ ಅನ್ನೋದ್ರಿಂದ ಶುರು. ಇವ್ರಿಗೂ ಸಿಗ್ತಿದ್ದಿದ್ದು ಮೊಮ್ಮಗನಿಗೆ ಸಿಗೋ ಪ್ಯಾಕೇ. 2018ರ ಕೊನೇಲಿ ಇನ್‌ಕಮಿಂಗ್ ಉಳಿಬೇಕಂದ್ರೂ 28 ದಿನಕ್ಕೊಮ್ಮೆ 35 ರೂಪಾಯಿ ಹಾಕ್ಸಿ ಅಂತ ಶುರುವಾಗಿ, 2019, 2021, 2024ರಲ್ಲಿ ರೇಟ್ ಏರಿ, 2024ರ ಜುಲೈ ಹೊತ್ತಿಗೆ ಸಾಧಾರಣ ಪ್ಯಾಕು 299ರ ಹತ್ರ ಬಂತು. 28 ದಿನ ಅಂದ್ರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ. 299ನ್ನ 13ರಿಂದ ಗುಣಿಸಿ, 3,887. 2022ರಲ್ಲಿ ಟ್ರಾಯ್, ಒಂದಾದ್ರೂ 30 ದಿನದ್ದು, ಒಂದಾದ್ರೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರೋದು ಇಡಲೇಬೇಕು ಅಂತು. ಇಟ್ಟಿದಾರೆ, ಹುಡುಕಿದೋರಿಗೆ ಸಿಗತ್ತೆ.

ಅಮ್ಮ ಕೇಳಿದ ಪ್ಯಾಕ್ ಬಂದಿದ್ದೂ ಹಂಗೇ. 2024ರ ಡಿಸೆಂಬರಲ್ಲಿ ಟ್ರಾಯ್ ಡೇಟಾ ಇಲ್ಲದ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಿ, ವ್ಯಾಲಿಡಿಟಿ 365 ದಿನದವರೆಗೂ ಇರಬಹುದು ಅಂತು. 2025ರ ಜನವರಿಗೆ ಬಂದ್ವು: ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849. ಜಿಯೋ 84 ದಿನಕ್ಕೆ 448, ಇನ್ನೊಂದು 1,748, ಅದ್ರ ವ್ಯಾಲಿಡಿಟಿ 336 ದಿನ. 336 ಎಲ್ಲಿಂದ ಬಂತು ಅಂತ ನೋಡಿದ್ರೆ 28ನ್ನ 12ರಿಂದ ಗುಣಿಸಿದ್ದು. ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ ಅಷ್ಟೇ ದಿನ. ಟವರ್ ನಡ್ಸಕ್ಕೆ ದುಡ್ಡು ಬೇಕು, ಸ್ಪೆಕ್ಟ್ರಮ್ (ಸಿಗ್ನಲ್ ಹೋಗೋ ತರಂಗ) ಕೊಂಡ ಸಾಲ ಇದೆ ಅನ್ನೋದೂ ನಿಜಾನೇ, ಹತ್ತು ರೂಪಾಯಿ ಕರೆನ್ಸಿಲಿ ಆರು ತಿಂಗಳು ಇನ್‌ಕಮಿಂಗ್ ತಗೊಳ್ತಿದ್ದೋರು ನಾವೇ. ಆದ್ರೂ ಡೇಟಾ ಮುಟ್ಟದೇ ಇರೋರು ಇಷ್ಟು ವರ್ಷ ಅದಕ್ಕೂ ಸೇರ್ಸಿ ಕೊಟ್ಟಿದ್ದು ಯಾವ ಲೆಕ್ಕಕ್ಕೆ ಹೋಯ್ತೋ.

ಹಾಂ, ನಮ್ಮನೆ ಕಥೆ. ಕಳೆದ ವರ್ಷ ಅಮ್ಮನ ಪ್ಯಾಕ್ ಮುಗಿದಿದ್ದು ಗೊತ್ತಾಗದೆ ಒಂದು ವಾರ ಇನ್‌ಕಮಿಂಗ್ ನಿಂತು, ಚಿಕ್ಕಮ್ಮ ಗಾಬರಿಬಿದ್ದು ಪಕ್ಕದ ಮನೆಗೆ ಫೋನ್ ಮಾಡಿ ವಿಚಾರಿಸಿದ್ರು. ಅದಾದ್ಮೇಲೆ ಈ ಸಲ ಹುಡುಕಿ ಹುಡುಕಿ ವರ್ಷದ ಮಾತಿನ ಪ್ಯಾಕೇ ಹಾಕ್ಸ್ದೆ. ದಿನಕ್ಕೆ ಐದು ರೂಪಾಯಿ ಚಿಲ್ಲರೆ, ಮನೇಲಿ ವೈಫೈ ಇದೆ, ವಾಟ್ಸಾಪೂ ನಡಿಯತ್ತೆ, ಗೆದ್ದೆ ಅನ್ಕೊಂಡೆ. ಹದಿನೈದು ದಿನ ಆಗಿಲ್ಲ, ಸಂಜೆ ಬಂದು ಅಮ್ಮ ಸಪ್ಪಗೆ ಕೂತ್ರು. ಕಹಳೆ ಬಂಡೆ ಪಾರ್ಕಲ್ಲಿ ಎಲ್ರೂ ಅವರವರ ಮೊಮ್ಮಕ್ಕಳ ಫೋಟೋ ತೋರಿಸ್ತಾರಂತೆ, ಅಕ್ಕ ಆ ಹೊತ್ತಿಗೇ ಕಳ್ಸಿದ್ದ ವೀಡಿಯೋ ಇವ್ರ ಫೋನಲ್ಲಿ ಗುಂಡಗೆ ತಿರುಗ್ತಾನೇ ಇತ್ತಂತೆ. "ಮನೆಗೆ ಬಂದ್ಮೇಲೆ ಬಂತು ಕಣೋ, ಅಲ್ಲಿ ಬರ್ಲಿಲ್ಲ, ಯಾಕೆ?" ಅಂದ್ರು. ವ್ಯಾಲಿಡಿಟಿ ಇನ್ನೂ ಹನ್ನೊಂದು ತಿಂಗಳಿದೆ ಅಂತ ನಾನು ಬಾಯಿ ಬಿಡಲಿಲ್ಲ.