ದರದ ಸಭೆಯಲ್ಲಿ ಸ್ಟೇ ವೈರಿನ ಮಾತು

ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂ ದರ ಏರಿಸಲು ಅರ್ಜಿ ಹಾಕಿದಾಗ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಮಂಗಳೂರಿಗೆ ಬಂದು ಜನರ ಅಹವಾಲು ಕೇಳುತ್ತದೆ. ಮೈಕ್ ಸಿಕ್ಕಿದವರೆಲ್ಲ ಮಾತಾಡುವುದು ಪೈಸೆಯದ್ದೇ. ಐಸ್ ಪ್ಲಾಂಟಿನವರಿಗೆ ಅವರ ಚಿಂತೆ, ಪಂಪ್‌ಸೆಟ್ಟಿನವರಿಗೆ ಅವರದ್ದು. ತಪ್ಪು ಅಂತ ಹೇಳುತ್ತಿಲ್ಲ. ಆದರೆ ಇದೇ ಜನ ಜೂನಿನ ಮೊದಲ ಗಾಳಿಮಳೆಗೆ ನನಗೆ ಫೋನ್ ಮಾಡುತ್ತಾರೆ. "ಮಾರಾಯ್ರೇ, ತೋಟದಲ್ಲಿ ಲೈನ್ ಜೋತು ಬಿದ್ದಿದೆ, ಅಡಿಕೆ ದೋಟಿ ಎತ್ತಿದರೆ ತಾಗ್ತದೆ. ಯಾರಿಗೆ ಹೇಳುವುದು?" ಆಯೋಗದ ಎದುರೇ ಕೂತಿದ್ದಿರಲ್ಲ, ಆಗ ಯಾಕೆ ಹೇಳಲಿಲ್ಲ ಎಂದರೆ, "ಅದು ದರದ ಸಭೆ ಅಲ್ವಾ?"

ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಲೋಡ್ ಮಂಜೂರಾತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವುದು, ವೈರಿಂಗ್ ಇಂಥ ಕೆಲಸ ಮಾಡಿಸುವ ಕನ್ಸಲ್ಟೆಂಟ್. ಕಾನೂನಿನ ಸೂಕ್ಷ್ಮಗಳನ್ನು ವಕೀಲರನ್ನೇ ಕೇಳಿ. ಆದರೆ ಒಂದು ಕಂಬ ಸರಿಯಾಗಲು ದುಡ್ಡು ಯಾವ ದಾರಿಯಲ್ಲಿ ಬರಬೇಕು ಎನ್ನುವುದು ನನಗೆ ಗೊತ್ತು.

ತಂತಿ ಎಳೆಯುವುದು ಮೆಸ್ಕಾಂ. ಅದು ನಿಯಮದ ಪ್ರಕಾರ ಇದೆಯೇ ಎಂದು ನೋಡುವವರು ವಿದ್ಯುತ್ ಪರಿವೀಕ್ಷಕರು. ಅವರು ಸರ್ಕಾರದ ಇಂಧನ ಇಲಾಖೆಯವರು, ಆಯೋಗದವರಲ್ಲ. ತಂತಿ ಬದಲಿಸಿದ ಖರ್ಚನ್ನು ನಿಮ್ಮ ಬಿಲ್ಲಿಗೆ ಸೇರಿಸಬಹುದೋ ಇಲ್ಲವೋ ಎಂದು ತೀರ್ಮಾನಿಸುವುದು ಆಯೋಗ. ಅಂದರೆ ಅಪಾಯ ನೋಡುವವರ ಕೈಯಲ್ಲಿ ದುಡ್ಡಿಲ್ಲ. ದುಡ್ಡಿಗೆ ಒಪ್ಪಿಗೆ ಕೊಡುವವರು ಕಂಬದ ಬುಡಕ್ಕೆ ಬರುವುದಿಲ್ಲ. ಎಷ್ಟು ಸಲ ಹೇಳಿದರೂ ಜನ "ಎಲ್ಲ ಕರೆಂಟ್ ಆಫೀಸೇ ಅಲ್ವಾ" ಎಂದುಬಿಡುತ್ತಾರೆ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ, ಒಂದು ಸ್ಟೇ ವೈರ್ ಹಿಡಿದು. (ನೀವು ಹಿಡಿಯಬೇಡಿ.)

ಕಂಬ ವಾಲದಂತೆ ಓರೆಯಾಗಿ ನೆಲಕ್ಕೆ ಎಳೆದು ಕಟ್ಟುತ್ತಾರಲ್ಲ, ಆ ಹುರಿ ತಂತಿಯೇ ಸ್ಟೇ. ಅದರ ನಡುವೆ, ಕೈಗೆ ಎಟುಕದ ಎತ್ತರದಲ್ಲಿ, ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್ ಇರಬೇಕು. ಮೇಲಿನ ಲೈನ್ ಸರಿದು ಸ್ಟೇಗೆ ತಾಗಿದರೂ ಕರೆಂಟ್ ಕೆಳಗೆ ಇಳಿಯಬಾರದು, ಅದಕ್ಕೆ. ನನ್ನ ಗ್ರಾಹಕರೊಬ್ಬರ ಅಂಗಳದಂಚಿನ ಸ್ಟೇಯಲ್ಲಿ ಆ ಪಿಂಗಾಣಿಯೇ ಇರಲಿಲ್ಲ. ಅವರ ಅತ್ತೆ ಅದಕ್ಕೇ ಬಟ್ಟೆ ಒಣಗಿಸುವ ಹಗ್ಗ ಬಿಗಿದಿದ್ದರು. ಹಗ್ಗ, ಸರಿಗೆ ಅಲ್ಲ, ಅಷ್ಟು ಪುಣ್ಯ. ದೂರು ಕೊಟ್ಟರು. ಪವರ್‌ಮ್ಯಾನ್ ಬಂದು ನೋಡಿ, "ಹೌದು, ಡೇಂಜರ್" ಎಂದ. ಎಸ್ಟಿಮೇಟ್ ಆಯಿತು. ಆಮೇಲೆ ಸುದ್ದಿಯಿಲ್ಲ. ಹೋಗಿ ಕೇಳಿದರೆ, ಆ ಹೆಡ್ಡಿನಲ್ಲಿ, ಅಂದರೆ ಆ ಬಗೆಯ ಖರ್ಚಿಗೆ ಎತ್ತಿಟ್ಟ ಲೆಕ್ಕದಲ್ಲಿ, ಈ ವರ್ಷ ದುಡ್ಡಿಲ್ಲವಂತೆ.

ಇವರು ಬಂದು ಪವರ್‌ಮ್ಯಾನ್‌ಗೆ ಬೈದರು. ನನಗೆ ಸಿಟ್ಟೇ ಬಂತು. ಆಟಿ ಮಳೆಯಲ್ಲಿ ನಡುರಾತ್ರಿ ಕಂಬ ಹತ್ತುವುದು ಅದೇ ಹುಡುಗ. ಹೆಡ್ಡಿಗೆ ಎಷ್ಟು ದುಡ್ಡು ಎಂದು ಬರೆಯುವವನು ಅವನಲ್ಲ. ಅದು ಬರೆದಿರುವುದು ನೀವು ಪೈಸೆಗಾಗಿ ಜಗಳವಾಡಿದ ಆ ದರದ ಅರ್ಜಿಯಲ್ಲೇ. ಬಂಡವಾಳ ವೆಚ್ಚ ಅಂತ ಒಂದು ಅಧ್ಯಾಯ ಇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ.

2024ರ ಜೂನ್‌ನಲ್ಲಿ ಪಾಂಡೇಶ್ವರದಲ್ಲಿ ತುಂಡಾಗಿ ಬಿದ್ದ ತಂತಿಗೆ ಇಬ್ಬರು ಆಟೋ ಚಾಲಕರು ಬಲಿಯಾದರು. ತಂತಿ ಬಿದ್ದ ಕೂಡಲೇ ಕರೆಂಟ್ ತಾನಾಗಿ ಹೋಗುತ್ತದೆ ಎಂದು ನಂಬಿದವರು ಬಹಳ ಜನ. ಯಾವಾಗಲೂ ಹಾಗಾಗುವುದಿಲ್ಲ. 100 ಕೆವಿಎ ಟಿಸಿಯ ಪೂರ್ತಿ ಲೋಡ್ ಸುಮಾರು 130 ಆಂಪಿಯರ್. ಫ್ಯೂಸ್ ಅಷ್ಟನ್ನು ತಾಳಲೇಬೇಕು. ಮುರಕಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವುದು ಅದರಲ್ಲಿ ಸಣ್ಣ ಪಾಲು. ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಮನುಷ್ಯನ ಜೀವ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಸಾಕು. ಬರೀ ತಂತಿಯ ಬದಲು ಹೊದಿಕೆ ಇರುವ ಎಬಿ ಕೇಬಲ್ ಎಳೆದರೆ ಈ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಅದಕ್ಕೆ ದುಡ್ಡು ಬೇಕು. ದುಡ್ಡು ಎಂದರೆ ಮತ್ತೆ ಅದೇ ಅರ್ಜಿ.

ಆಯೋಗಕ್ಕೆ ಈ ವಿಷಯ ಗೊತ್ತಿಲ್ಲ ಎಂದಲ್ಲ. ಅಪಘಾತ ತಗ್ಗಿಸಿ, ಅಪಾಯಕಾರಿ ಜಾಗ ಗುರುತಿಸಿ ಸರಿಪಡಿಸಿ ಎಂದು ದರದ ಆದೇಶಗಳಲ್ಲೇ ಕಂಪನಿಗಳಿಗೆ ಹೇಳುತ್ತ ಬಂದಿದೆ. ಕಂಪನಿಗಳು ಇಷ್ಟು ಗುರುತಿಸಿದೆವು, ಇಷ್ಟು ಸರಿಪಡಿಸಿದೆವು ಎಂದು ಲೆಕ್ಕ ಕೊಡುತ್ತವೆ. ಆ ಲೆಕ್ಕವನ್ನು ಕಂಬದ ಹತ್ತಿರ ಹೋಗಿ ತಾಳೆ ನೋಡುವವರು ಯಾರು? 2003ರ ವಿದ್ಯುಚ್ಛಕ್ತಿ ಕಾಯ್ದೆಯ 86ನೇ ಸೆಕ್ಷನ್ನು ಸೇವೆಯ ಗುಣಮಟ್ಟ, ನಿರಂತರತೆ, ವಿಶ್ವಾಸಾರ್ಹತೆ ನೋಡಿಕೊಳ್ಳಿ ಎಂದು ಆಯೋಗಕ್ಕೆ ಹೇಳುತ್ತದೆ. ಸುರಕ್ಷತೆ ಆ ಸಾಲಿನಲ್ಲಿಲ್ಲ. ಆದರೂ ತನ್ನ ನಿರ್ದೇಶನ ಮೀರಿದರೆ 142ನೇ ಸೆಕ್ಷನ್ನಿನಡಿ ಪ್ರತಿ ಉಲ್ಲಂಘನೆಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ನನ್ನ ಅಂದಾಜಿನಲ್ಲಿ ಅಧಿಕಾರಕ್ಕಿಂತ ಜಾಸ್ತಿ ಕೊರತೆ ಇರುವುದು ಸಿಬ್ಬಂದಿಯದ್ದು. ಸುರಕ್ಷತೆಯನ್ನೇ ನೋಡುವ ನಾಲ್ಕು ಎಂಜಿನಿಯರ್‌ಗಳು ಆಯೋಗದ ಒಳಗೇ ಬೇಕು. ಹೇಳದೆ ಕೇಳದೆ ಕಂಪನಿಯ ಒಂದು ಸೆಕ್ಷನ್ ಆಫೀಸಿಗೆ ಹೋಗಿ, ಸರಿಯಾಗಿದೆ ಎಂದು ಬರೆದ ಹತ್ತು ಜಾಗ ನೋಡಿ ಬರುವವರು.

ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಇದು ಗೊತ್ತಾದದ್ದು ದೊಡ್ಡ ಬೆಲೆ ತೆತ್ತು. 2010ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಬ್ರೂನೋ ಎಂಬಲ್ಲಿ ಪಿಜಿ ಆಂಡ್ ಇ ಕಂಪನಿಯ ಗ್ಯಾಸ್ ಪೈಪ್ ಸಿಡಿದು 8 ಜನ ಸತ್ತರು, 38 ಮನೆ ನಾಶವಾದವು. ಕಂಪನಿಯ ದಾಖಲೆಯಲ್ಲಿ ಅದು ಬೆಸುಗೆ ಇಲ್ಲದ ಪೈಪ್. ಅಗೆದು ನೋಡಿದರೆ ಬೆಸುಗೆ ಇತ್ತು, ಅದೂ ಕಳಪೆ. ಕಂಪನಿಯ ಜೊತೆಗೆ ಅಲ್ಲಿನ ನಿಯಂತ್ರಣ ಆಯೋಗದ ಉಸ್ತುವಾರಿಯನ್ನೂ ತನಿಖೆ ಟೀಕಿಸಿತು. (ಈಗ ಮಂಗಳೂರಿನ ರಸ್ತೆ ಅಡಿಯಲ್ಲೂ ಗ್ಯಾಸ್ ಪೈಪ್ ಇದೆ. ಅದರ ನಿಯಂತ್ರಕರು ಬೇರೆ, ಆ ಕಥೆ ಇನ್ನೊಮ್ಮೆ.) 2014ರಲ್ಲಿ ಕ್ಯಾಲಿಫೋರ್ನಿಯಾದ ಆ ಆಯೋಗ ಒಂದು ಕ್ರಮ ತಂದಿತು: ದೊಡ್ಡ ಕಂಪನಿಗಳು ದರ ಏರಿಕೆ ಕೇಳುವ ಮೊದಲು ತಮ್ಮಲ್ಲಿರುವ ಅಪಾಯಗಳನ್ನೂ ಅವುಗಳಿಗೆ ಏನು ಮಾಡುತ್ತೇವೆ ಎನ್ನುವುದನ್ನೂ ಬರೆದು ಕೊಡಬೇಕು. ಅಷ್ಟಕ್ಕೇ ಎಲ್ಲ ಸರಿಯಾಗಲಿಲ್ಲ. 2018ರಲ್ಲಿ ಅದೇ ಕಂಪನಿಯ ಹಳೇ ಕರೆಂಟ್ ಲೈನಿನ ಸವೆದ ಕೊಕ್ಕೆಯೊಂದು ಮುರಿದು ಎದ್ದ ಬೆಂಕಿಗೆ ಪ್ಯಾರಡೈಸ್ ಎಂಬ ಊರೇ ಹೆಚ್ಚುಕಡಿಮೆ ಸುಟ್ಟುಹೋಯಿತು, 85 ಜನ ಸತ್ತರು. ಅದಕ್ಕೇ ಪಟ್ಟಿಯ ಜೊತೆ ಹೋಗಿ ನೋಡುವ ಕಣ್ಣೂ ಬೇಕು ಎನ್ನುತ್ತಿದ್ದೇನೆ.

ಅದು ಆಗುವವರೆಗೆ ನೀವಾದರೂ ಕೇಳಿ. ದರದ ಅರ್ಜಿಯನ್ನು ಪ್ರಕಟಿಸಬೇಕು, ಜನರ ಆಕ್ಷೇಪಣೆ ಪರಿಗಣಿಸಿಯೇ ಆದೇಶ ಮಾಡಬೇಕು ಎಂದು 64ನೇ ಸೆಕ್ಷನ್ನು ಹೇಳುತ್ತದೆ. ಪೈಸೆಯ ಬಗ್ಗೆ ಒಂದು ಪುಟ ಬರೆಯುವಲ್ಲಿ, ಸುರಕ್ಷತೆಗೆ ಹೋದ ಸಲ ಒಪ್ಪಿದ ದುಡ್ಡಿನಲ್ಲಿ ಎಷ್ಟು ಖರ್ಚಾಯಿತು, ನಮ್ಮ ಸೆಕ್ಷನ್ ಆಫೀಸಿನ ವ್ಯಾಪ್ತಿಯ ಯಾವ ಕಂಬಗಳು ಪಟ್ಟಿಯಲ್ಲಿವೆ ಎಂದು ನಾಲ್ಕು ಸಾಲು ಸೇರಿಸಿ. ಲಿಖಿತವಾಗಿ ಬಂದದ್ದು ಕಡತದಲ್ಲಿ ಉಳಿಯುತ್ತದೆ, ಕಂಪನಿ ಉತ್ತರಿಸಬೇಕಾಗುತ್ತದೆ. ಇವತ್ತೇ ಅಪಾಯ ಇದ್ದರೆ ಮಾತ್ರ ಇದಕ್ಕೆಲ್ಲ ಕಾಯಬೇಡಿ, 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯುವುದಾದರೆ ದೂರದಿಂದಲೇ ತೆಗೆಯಿರಿ, ಕಂಬದ ನಂಬರ್ ಕಾಣುವ ಹಾಗೆ. ನಂಬರ್ ಅಳಿಸಿಹೋಗಿದ್ದರೆ ಹತ್ತಿರದ ಟಿಸಿಯ ಹೆಸರು ಬರೆದರೂ ಆಗುತ್ತದೆ.